ಹೊನೋಜನ ಸಹಿ, ನನ್ನ ಸ್ಟೇಟಸ್ಸು

ಬೋರ್ಡು ಬರೆದು ಮುಗಿಸಿದ ಮೇಲೆ ಕೆಳಗಿನ ಮೂಲೆಯಲ್ಲಿ ಸಣ್ಣಗೆ ಬರೆದವನ ಹೆಸರು, ಪಕ್ಕದಲ್ಲಿ ‘ತಿಪಟೂರು’ ಎಂದು ಹಾಕುವುದು ನಮ್ಮ ಕಸುಬಿನ ರೂಢಿ. ಕೊಬ್ಬರಿ ಮಂಡಿಯ ಬೋರ್ಡಿರಲಿ, ಲಾರಿಯ ಹಿಂಬದಿಯಿರಲಿ, ಹಳ್ಳಿ ನಾಟಕದ ಪರದೆಯಿರಲಿ, ಮುಂದಿನ ಗಿರಾಕಿ ನಮ್ಮನ್ನು ಹುಡುಕಿಕೊಂಡು ಬರುವುದು ಆ ಮೂಲೆಯ ಹೆಸರಿನಿಂದ. ಈಗ ಆ ಮೂಲೆ ಫೋನಿನೊಳಗೆ ಬಂದು ಕೂತಿದೆ. 2018ರಲ್ಲಿ ವಾಟ್ಸಾಪ್‌ನವರು ವ್ಯಾಪಾರಸ್ಥರಿಗೆಂದೇ ಬೇರೆ ಆ್ಯಪ್ ತಂದರು. ನನ್ನಲ್ಲೂ ಎರಡು ಸಿಮ್ಮಾದವು. ಅಂಗಡಿಯ ನಂಬರಿನ ಸ್ಟೇಟಸ್ಸಿಗೆ ಏನು ಹಾಕಬೇಕು, ಮನೆಯ ನಂಬರಿನದಕ್ಕೆ ಏನು? ಮಗಳ ಹುಟ್ಟುಹಬ್ಬ ಮಂಡಿ ಸಾಹುಕಾರರಿಗೇಕೆ? ಗೃಹಪ್ರವೇಶದ ಬ್ಯಾನರು ಸೋದರತ್ತೆಗೇಕೆ?

ಇದೆಲ್ಲ ಹೊಸ ಕಾಲದ ತಾಪತ್ರಯ ಎನ್ನುವವರನ್ನು ನಾನು ಅರಳಗುಪ್ಪೆಗೆ ಕರೆಯುತ್ತೇನೆ. ನಮ್ಮ ತಾಲ್ಲೂಕಿನದೇ ಊರು. ಅಲ್ಲಿಗೆ ಹೊರಗಿನ ಜನ ಬರುವುದು ಒಂಬತ್ತನೆಯ ಶತಮಾನದ ಕಲ್ಲೇಶ್ವರ ಗುಡಿಗೆ, ಅದರ ಚಾವಣಿಯ ನಟರಾಜನನ್ನು ಕತ್ತೆತ್ತಿ ನೋಡಲು. ನೋಡಲೇಬೇಕಾದದ್ದು ಅದು. ಆದರೆ ನಾನು ಹೋದಾಗೆಲ್ಲ ಹೆಚ್ಚು ಹೊತ್ತು ನಿಲ್ಲುವುದು ಅದೇ ಊರಿನ ಚೆನ್ನಕೇಶವನ ಗುಡಿಯ ಹಿಂದೆ. ಹದಿಮೂರನೆಯ ಶತಮಾನದ ಹೊಯ್ಸಳರ ಕೆಲಸ. ಹೊರಗೋಡೆಯ ಮೂರ್ತಿಗಳನ್ನು ಕೆತ್ತಿದ ರೂವಾರಿ ಹೊನೋಜ ತನ್ನ ಹೆಸರನ್ನು ಅಲ್ಲೇ ಬಿಟ್ಟು ಹೋಗಿದ್ದಾನೆ.

ಹೊಯ್ಸಳರ ರೂವಾರಿಗಳು ಹೀಗೆ ಸಹಿ ಹಾಕುತ್ತಿದ್ದರೆಂಬುದು ಬಿ.ಎಲ್. ರೈಸ್ ಶಾಸನಗಳನ್ನು ಅಚ್ಚು ಹಾಕಿಸಿದ ಮೇಲೆ ಓದುಬಲ್ಲವರಿಗೆಲ್ಲ ತಿಳಿಯಿತು. ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ, ನಮ್ಮ ತುಮಕೂರಿನದು 1904ರಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಚಾವಣನ ಸಹಿ ಬರೀ ಹೆಸರಿಗೆ ನಿಲ್ಲುವುದಿಲ್ಲ. ತಾನು ಯಾವ ಊರಿನ ಯಾರ ಮಗ ಎಂದು ಹೇಳಿಕೊಂಡು, ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥರಿಗೆ ತಾನೇ ಮಹೇಶ್ವರ ಎಂದೂ ಸಾರುತ್ತಾನೆ. ಎದುರಾಳಿಗಳನ್ನು ಸುಡುವ ಮಾತು! ಇದನ್ನು ಜಂಬವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದೇ ಗುಡಿಯಲ್ಲಿ ಹತ್ತಾರು ಕೈಗಳು ಕೆಲಸ ಮಾಡುವಾಗ ತನ್ನ ಕೈ ಯಾವುದೆಂದು ತೋರಿಸಿಕೊಳ್ಳದಿದ್ದರೆ ಮುಂದಿನ ಕೆಲಸ ಎಲ್ಲಿಂದ ಬರಬೇಕು?

ಇನ್ನೊಬ್ಬ ಮಲ್ಲಿತಮ್ಮ. 1196ರ ಅಮೃತಾಪುರದ ಗುಡಿಯಿಂದ ಹದಿಮೂರನೆಯ ಶತಮಾನದ ನಡುವಿನ ಸೋಮನಾಥಪುರದವರೆಗೆ ಅರವತ್ತು ವರ್ಷ ಅವನ ಹೆಸರು ಓಡಾಡುತ್ತದೆ. ನಮಗೆ ಹತ್ತಿರದ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ಗುಡಿಯಲ್ಲಿ, ಉತ್ತರದ ಗೋಡೆ ಅವನದು, ದಕ್ಷಿಣದ್ದು ಬೈಚೋಜನದು. ಗುತ್ತಿಗೆ ಒಂದು, ಕೈ ಎರಡು, ಹೆಸರೂ ಎರಡು. ಅವನು ಒಂದೊಂದು ಕಡೆ ‘ಮಲ್ಲಿ’ ಎಂದಷ್ಟೇ ಹಾಕಿದ್ದಾನೆ, ಕೆಲವು ಕಡೆ ಬರೀ ‘ಮ’. ಒಂದೇ ಅಕ್ಷರಕ್ಕೆ ಗುರುತು ಹತ್ತುವಷ್ಟು ಅವನ ಕೈ ನಾಡಿಗೆ ಪರಿಚಯವಾಗಿತ್ತೆಂದು ನನ್ನ ಊಹೆ.

ಇಷ್ಟು ಸಹಿಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವರು ಏನನ್ನು ಬರೆದರು, ಏನನ್ನು ಬಿಟ್ಟರು ಎಂಬುದು. ಅಪ್ಪನ ಹೆಸರು ಬಂತು, ಏಕೆಂದರೆ ಉಳಿ ಹಿಡಿಯಲು ಕಲಿಸಿದವನು ಅವನೇ. ಊರು ಬಂತು, ಏಕೆಂದರೆ ಬಳ್ಳಿಗಾವೆಯವರೆಂದರೆ ಆ ಕಾಲಕ್ಕೆ ಅದೇ ಒಂದು ಯೋಗ್ಯತೆ. ಮನೆಯಲ್ಲಿ ಮದುವೆಯಾಯಿತು, ಮಗು ಹುಟ್ಟಿತು, ಕಾಯಿಲೆ ಬಂತು ಎಂಬುದಕ್ಕೆ ಆ ಬೆರಳುದ್ದದ ಸಾಲಿನಲ್ಲಿ ಜಾಗ ಕೊಡಲಿಲ್ಲ. ಜಾಗವೂ ಅವರದಲ್ಲ ಎಂಬುದನ್ನು ನೆನೆಯಬೇಕು. ತುರುವೇಕೆರೆಯ ಚೆನ್ನಕೇಶವನ ಗುಡಿಯನ್ನು 1263ರಲ್ಲಿ ಕಟ್ಟಿಸಿದ್ದು ಸೋಮಣ್ಣ ದಂಡನಾಯಕ. ಅಂಥ ದಂಡನಾಯಕರ ವಂಶ, ಬಿರುದು, ದಾನ ದತ್ತಿಗಳಿಗೆ ಶಾಸನದ ಕಲ್ಲೇ ಬೇರೆ ನಿಲ್ಲುತ್ತಿತ್ತು. ರೂವಾರಿಗೆ ಸಿಗುತ್ತಿದ್ದದ್ದು ತಾನು ಕೆತ್ತಿದ ಮೂರ್ತಿಯ ಕಾಲಡಿ. ನಮ್ಮ ಸ್ಟೇಟಸ್ಸೂ ಯಾರದೋ ಗೋಡೆಯ ಮೇಲೆಯೇ ಇದೆ. ಗೋಡೆಯ ಒಡೆಯ ಯಾವಾಗ ಬೇಕಾದರೂ ಸುಣ್ಣ ಹೊಡೆಸಬಹುದು.

ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ ಹೇಳುತ್ತಿರುತ್ತಾನೆ, “ಅಣ್ಣಾ, ಮನೆಯವ್ರ ಫೋಟೋ ಹಾಕಿದ್ರೆ ಲೈಕ್ ಜಾಸ್ತಿ ಬೀಳ್ತವೆ.” ಬೀಳುವುದು ನಿಜ. ಆದರೆ ಆ ಲೈಕುಗಳು ನೆಂಟರಿಷ್ಟರವು, ಬೋರ್ಡಿನ ಕೆಲಸ ಬರುವುದು ಬೋರ್ಡಿನ ಫೋಟೋ ನೋಡಿದವರಿಂದ. ಆದ್ದರಿಂದ ಅಂಗಡಿಯ ಖಾತೆಯಲ್ಲಿ ನಾನು ಅಪ್ಪಾಜಿಯ ಹೆಸರು ಹಾಕಿದ್ದೇನೆ, ಅವರ ಹಳೆಯ ಕುಂಚಗಳ ಫೋಟೋ ಹಾಕಿದ್ದೇನೆ. ಕುಂಚ ಕೈಗಿತ್ತವರು ಅವರೇ. ಮಕ್ಕಳ ಮುಖ ಮನೆಯ ಖಾತೆಯಲ್ಲೂ ಅಪರೂಪ. ಖಾಸಗಿಗೂ ವ್ಯಾಪಾರಕ್ಕೂ ನಡುವೆ ಗೆರೆ ಎಳೆಯುವಾಗ ಕುಟುಂಬವೆಲ್ಲ ಆಚೆ, ದುಡ್ಡೆಲ್ಲ ಈಚೆ ಎಂದು ಹಲವರು ಮಾಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಕೆಲಸಕ್ಕೆ ಸೇರಿದ ಮನೆಯ ಮಾತು ಕೆಲಸದ ಜತೆಗೇ ಇರಲಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಹೊಯ್ಸಳ ಗುಡಿಗಳ ಫೋಟೋಗಳು ಫೋನಿನಲ್ಲಿ ಹೆಚ್ಚಾಗಿ ಕಾಣುತ್ತಿವೆ. ಆ ಪಟ್ಟಿಯಲ್ಲಿ ಅರಳಗುಪ್ಪೆ ಇಲ್ಲ, ನುಗ್ಗೇಹಳ್ಳಿ ಇಲ್ಲ, ತುರುವೇಕೆರೆ ಇಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ಅರಳಗುಪ್ಪೆಯ ಗೋಡೆ ನನ್ನ ಕಣ್ಣಿಗೆ ಬೀಳುತ್ತದೆ. ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಹಿಡಿದವರ ಹೆಸರಿರುತ್ತದೆ, ಹಾಕಿಕೊಳ್ಳಲಿ, ಅದು ಅವರ ಕಸುಬು. ಅದರ ಪಕ್ಕದಲ್ಲಿ ಹೊನೋಜ ಎಂದೂ ಬರೆಯಿರಿ ಎಂದು ಪ್ರತಿ ಸಲ ಕೆಳಗೆ ಟೈಪ್ ಮಾಡುತ್ತೇನೆ, ಅಂಗಡಿಯ ಖಾತೆಯಿಂದಲೇ.