ನೋತ್ರ್‌ದಾಮ್ ಇಗರ್ಜಿಯ ರಾಜಪಂಕ್ತಿ

ಪ್ಯಾರಿಸ್ ನಗರದ ನೋತ್ರ್‌ದಾಮ್ ಇಗರ್ಜಿಯ ಪಶ್ಚಿಮ ಮುಖದಲ್ಲಿ, ಮೂರು ಮಹಾದ್ವಾರಗಳ ಮೇಲ್ಗಡೆ, 28 ಮಂದಿ ಅರಸರ ವಿಗ್ರಹಗಳು ಸಾಲಾಗಿ ನಿಂತಿರುವುವು. ಇವು ಹದಿಮೂರನೆಯ ಶತಮಾನದ ಕೃತಿಗಳೆಂದು ನೋಡುವವರಿಗೆ ತೋರುವುದು ಸಹಜವಾದರೂ, ವಾಸ್ತವವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೆತ್ತಲ್ಪಟ್ಟವು. ಮೂಲ ವಿಗ್ರಹಗಳು ಜನರ ಅಜ್ಞಾನಕ್ಕೆ ಬಲಿಯಾದುವೆಂಬ ಮಾತು ರೂಢಿಯಲ್ಲಿದೆ. ಆ ಮಾತು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹವಾಗಿದೆ.

ಕ್ರಿ. ಶ. 1163ರಲ್ಲಿ ಬಿಷಪ್ ಮೋರೀಸ್ ದ ಸುಲ್ಲಿಯ ಕಾಲದಲ್ಲಿ ಪ್ರಾರಂಭವಾದ ಈ ಕಟ್ಟಡದ ಪಶ್ಚಿಮ ಮುಖವು ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಮೇಲೆದ್ದಿತು. ಇಗರ್ಜಿಯು ಮರಿಯಮ್ಮನವರಿಗೆ ಅರ್ಪಿತವಾದುದು. ಆದುದರಿಂದ ಆ ಅರಸರು ಫ್ರಾನ್ಸಿನವರಲ್ಲ, ದಾವೀದನ ವಂಶದಲ್ಲಿ ಹುಟ್ಟಿದ ಯೆಹೂದದ ಅರಸರು, ಎಂದರೆ ಆ ತಾಯಿಯ ಪೂರ್ವಿಕರು, ಎಂಬುದು ಈಗಿನ ವಿದ್ವಾಂಸರಲ್ಲಿ ಬಹುಮಟ್ಟಿಗೆ ಅಂಗೀಕೃತವಾದ ಅಭಿಪ್ರಾಯ.

ಆದರೆ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದವರು ಬೇರೆ ಬಗೆದಿದ್ದರು. ಹಳ್ಳಿಗರ ನಾನಾ ಬಗೆಗಳನ್ನು ಹಾಸ್ಯಮಾಡುವ ಹದಿಮೂರನೆಯ ಶತಮಾನದ ಒಂದು ಫ್ರೆಂಚ್ ಬರಹದಲ್ಲಿ, ಒಬ್ಬ ಹಳ್ಳಿಗನು ಈ ಇಗರ್ಜಿಯ ಮುಂದೆ ನಿಂತು, ಇವನು ಪೆಪಿನ್, ಇವನು ಶಾರ್ಲ್‌ಮೇನ್ ಎಂದು ಬೆರಳುಮಾಡಿ ತೋರಿಸುತ್ತಿರಲು, ಹಿಂದಿನಿಂದ ಕಳ್ಳನು ಅವನ ಹಣದ ಚೀಲವನ್ನು ಕತ್ತರಿಸುವ ಪ್ರಸಂಗವಿದೆ. ವಿಗ್ರಹಗಳು ಇನ್ನೂ ಹೊಸವಾಗಿದ್ದಾಗಲೇ ಅವನ್ನು ಫ್ರಾನ್ಸಿನ ದೊರೆಗಳೆಂದು ಹೇಳುವ ವಾಡಿಕೆಯಿದ್ದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

1793ನೆಯ ಜನವರಿಯಲ್ಲಿ ಹದಿನಾರನೆಯ ಲೂಯಿಯ ಶಿರಚ್ಛೇದವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಪೌರಸಭೆಯು ಇಗರ್ಜಿಯ ಮುಖದ ಮೇಲಿದ್ದ ರಾಜವಿಗ್ರಹಗಳನ್ನು ಕೆಡವಬೇಕೆಂದು ಆಜ್ಞೆಮಾಡಿತು. ಇದು ಉದ್ರಿಕ್ತವಾದ ಗುಂಪಿನ ಕೆಲಸವಲ್ಲ. ಆಡಳಿತವು ನಿರ್ಣಯಿಸಿ ಮಾಡಿಸಿದ ಕೆಲಸ. ಒಡೆದ ಕಲ್ಲುಗಳು ಕೆಲವು ಕಾಲ ಇಗರ್ಜಿಯ ಬಳಿಯಲ್ಲೇ ರಾಶಿಬಿದ್ದಿದ್ದು, 1796ರಲ್ಲಿ ಕಟ್ಟಡದ ಸಾಮಗ್ರಿಯಾಗಿ ಮಾರಲ್ಪಟ್ಟುವು. ಅಲ್ಲಿಂದ ಮುಂದೆ ಅವುಗಳ ಸುಳಿವು ತಪ್ಪಿತು.

1844ರಲ್ಲಿ ಜೀರ್ಣೋದ್ಧಾರದ ಹೊಣೆಯು ಲಾಸ್ಯೂ ಮತ್ತು ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಗಳಿಗೆ ಬಂದಿತು. ಮೂಲವು ಕಣ್ಣಮುಂದಿಲ್ಲದ ಕಾರಣ, ಅವರು ಬೇರೆ ಇಗರ್ಜಿಗಳ ಶಿಲ್ಪಗಳನ್ನು ಆದರ್ಶವಾಗಿಟ್ಟುಕೊಂಡು ಹೊಸ ಅರಸರನ್ನು ಮಾಡಿಸಿದರು. ಕೆಲಸವು ಅಂದವಾಗಿಯೇ ಇದೆ. ಪ್ರತಿಕೃತಿಯೆಂದು ಮಾತ್ರ ಹೇಳಲಾಗದು.

1977ರಲ್ಲಿ ಶೋಸೆ ದಾಂತೆಂ ಬೀದಿಯ ಕಡೆಯ ಒಂದು ಹಳೆಯ ಮಹಲಿನಲ್ಲಿ ನೆಲವನ್ನಗೆಯುತ್ತಿದ್ದಾಗ ಶಿಲ್ಪಖಂಡಗಳು ಕಾಣಿಸಿದುವು. ಒಟ್ಟು 364 ತುಂಡುಗಳು; ಅವುಗಳಲ್ಲಿ 21 ರಾಜಪಂಕ್ತಿಯ ಶಿರಸ್ಸುಗಳು. ಕಲ್ಲುಗಳನ್ನು ಕೊಂಡಿದ್ದ ಲಕಾನಾಲ್ ಎಂಬುವನು ತನ್ನ ಮನೆ ಕಟ್ಟುವಾಗ ಅವನ್ನು ಅಲ್ಲಿ ಹೂಳಿಸಿದ್ದನು. ಮೂಗು ಮುರಿದಿದ್ದರೂ ಕೆನ್ನೆಯಲ್ಲಿ ನಸುಗೆಂಪು, ತುಟಿಯಲ್ಲಿ ಕೆಂಪು, ಹುಬ್ಬಿನಲ್ಲಿ ಕಪ್ಪು ಬಣ್ಣಗಳ ಲೇಶವು ಉಳಿದಿದ್ದಿತು. ಬರಿಯ ಕಲ್ಲಿನ ಬಣ್ಣವೇ ಗಾಥಿಕ್ ಶಿಲ್ಪದ ಗಾಂಭೀರ್ಯವೆಂದು ನಂಬಿದ್ದವರು ಇದನ್ನು ಅವಶ್ಯವಾಗಿ ಗಮನಿಸಬೇಕು.

ಹಾಗಾದರೆ 1793ರವರು ತಪ್ಪು ತಿಳಿದರೆ? ಶಾಸ್ತ್ರಾರ್ಥದಲ್ಲಿ ತಪ್ಪೇ ಸರಿ. ಆದರೆ ಫ್ರಾನ್ಸಿನ ದೊರೆಗಳು ಪಟ್ಟಾಭಿಷೇಕದಲ್ಲಿ ಪವಿತ್ರ ತೈಲವನ್ನು ಪಡೆದು ದಾವೀದನಿಗೆ ಸಮಾನರೆನಿಸಿಕೊಳ್ಳುತ್ತಿದ್ದರು. ಅವರ ರಾಜಧಾನಿಯಲ್ಲಿ ಕಿರೀಟಧಾರಿಗಳ ಸಾಲನ್ನು ಅಷ್ಟು ಎತ್ತರದಲ್ಲಿ ನಿಲ್ಲಿಸಿದವರು ಈ ಹೋಲಿಕೆಯನ್ನು ಅರಿಯದೆ ಇದ್ದಿರಲಾರರು. ಎರಡರ್ಥವೂ ಉದ್ದಿಷ್ಟವಾಗಿದ್ದಿತೆಂದು ಊಹಿಸುವುದೇ ಯುಕ್ತ. ಹಳ್ಳಿಗನೂ ಪೌರಸಭೆಯೂ ಅವುಗಳಲ್ಲೊಂದನ್ನು ಮಾತ್ರ ಓದಿಕೊಂಡರು.

2019ನೆಯ ಏಪ್ರಿಲ್ 15ರ ಬೆಂಕಿಯಲ್ಲಿ ಇಗರ್ಜಿಯ ಮಾಡೂ ಗೋಪುರಶಿಖರವೂ ಬಿದ್ದರೂ ಪಶ್ಚಿಮ ಮುಖವು ಉಳಿಯಿತು. 2024ನೆಯ ಡಿಸೆಂಬರಿನಲ್ಲಿ ಬಾಗಿಲು ಮರಳಿ ತೆರೆಯಿತು. ಹೊಸ ಅರಸರು ಅಲ್ಲಿಯೇ ಇರುವರು. ಹಳೆಯ 21 ಶಿರಸ್ಸುಗಳು ಸೇನ್ ನದಿಯ ಎಡದಡದಲ್ಲಿ, ಕ್ಲೂನಿ ವಸ್ತುಸಂಗ್ರಹಾಲಯದಲ್ಲಿರುವುವು.