ತುಳುನಾಡಿನ ಜೈನ ಪುರೋಹಿತರ ‘ಇಂದ್ರ’ ಎಂಬ ಕುಲನಾಮ

ಕರ್ನಾಟಕದ ಜೈನರಲ್ಲಿ ಬಳಕೆಯಲ್ಲಿರುವ ಕುಲನಾಮಗಳ ಪೈಕಿ ‘ಇಂದ್ರ’ ಎಂಬುದು ಅತಿ ವಿರಳವಾದುದು. ಮೂಡಬಿದಿರೆ, ಕಾರ್ಕಳ, ವೇಣೂರು ಮೊದಲಾದ ಕ್ಷೇತ್ರಗಳನ್ನೊಳಗೊಂಡ ತುಳುನಾಡಿನಲ್ಲಿ ಬಸದಿಗಳ ಪೂಜೆಯನ್ನು ವಂಶಪಾರಂಪರ್ಯವಾಗಿ ನಡೆಯಿಸಿಕೊಂಡು ಬಂದ ಪುರೋಹಿತ ಮನೆತನಗಳಿಗೆ ಈ ಹೆಸರು ಸಲ್ಲುತ್ತದೆ. ಘಟ್ಟದ ಮೇಲಣ ಜೈನರಲ್ಲಿ ಇದೇ ವೃತ್ತಿಯವರು ಉಪಾಧ್ಯೆ, ಉಪಾಧ್ಯಾಯ, ಪಂಡಿತ, ಪುರೋಹಿತ ಎಂಬ ಹೆಸರುಗಳಿಂದ ಪರಿಚಿತರು. ಹಾಗಿರಲು ದೇವಲೋಕದ ಅಧಿಪತಿಯ ಹೆಸರು ಕರಾವಳಿಯ ಅರ್ಚಕರಿಗೆ ಹೇಗೆ ಬಂದಿತು, ಅದು ಅವರಲ್ಲಿಯೇ ಏಕೆ ನೆಲೆನಿಂತಿತು ಎಂಬುದು ವಿಚಾರಾರ್ಹವಾದ ಸಂಗತಿ. ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿ ಬರುವ ಲಿಪಿಕಾರರ ಹೆಸರುಗಳನ್ನು ಸರಿಯಾಗಿ ಗುರುತಿಸುವುದಕ್ಕೂ ಈ ವಿಚಾರವು ಅವಶ್ಯಕವಾಗಿದೆ.

ಮೊದಲು ಶಬ್ದಾರ್ಥವನ್ನು ನೋಡಬಹುದು. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ದೇವತೆಗಳ ಹತ್ತು ಶ್ರೇಣಿಗಳನ್ನು ಹೇಳುವಾಗ ಇಂದ್ರನನ್ನು ಮೊದಲು ಎಣಿಸಿದೆ. ಇತರ ದೇವತೆಗಳಿಗೆ ಅಸಾಧಾರಣವಾದ ಅಣಿಮಾದಿ ಗುಣಗಳಿಂದ ಐಶ್ವರ್ಯವುಳ್ಳವರು ಇಂದ್ರರು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಶಬ್ದವನ್ನು ವ್ಯುತ್ಪತ್ತಿಪೂರ್ವಕವಾಗಿ ವಿವರಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದೇನೆಂದರೆ ಜೈನಾಗಮದಲ್ಲಿ ಇಂದ್ರ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಅದೊಂದು ಪದವಿ. ಒಬ್ಬ ಇಂದ್ರನು ಆಯುಷ್ಯ ತೀರಿ ಚ್ಯುತನಾದರೆ ಮತ್ತೊಬ್ಬ ಜೀವನು ಆ ಸ್ಥಾನದಲ್ಲಿ ಹುಟ್ಟುತ್ತಾನೆ. ಜಿನೇಂದ್ರನನ್ನು ವಂದಿಸುವ ನೂರು ಇಂದ್ರರ ಗಣನೆಯಲ್ಲಿ ಭವನವಾಸಿಗಳ 40, ವ್ಯಂತರರ 32, ಕಲ್ಪವಾಸಿಗಳ 24, ಜ್ಯೋತಿಷ್ಕರ 2 ಇಂದ್ರರ ಜೊತೆಗೆ ಮನುಷ್ಯರಲ್ಲಿ ಚಕ್ರವರ್ತಿಯೂ ತಿರ್ಯಂಚರಲ್ಲಿ ಸಿಂಹವೂ ಸೇರಿರುವುದು ಈ ಅರ್ಥವನ್ನೇ ದೃಢಪಡಿಸುತ್ತದೆ. ಪದವಿವಾಚಕವಾದ ಈ ಶಬ್ದವು ಮನುಷ್ಯರಿಗೆ ಅನ್ವಯವಾಗಲು ಸಿದ್ಧಾಂತದ ಯಾವ ಅಡ್ಡಿಯೂ ಇರಲಿಲ್ಲ.

ಅನ್ವಯಕ್ಕೆ ಕಾರಣವಾದುದು ಪೂಜಾವಿಧಿ. ತೀರ್ಥಂಕರನ ಜನ್ಮಕಲ್ಯಾಣದಲ್ಲಿ ಸೌಧರ್ಮೇಂದ್ರನು ಶಿಶುವನ್ನು ಮೇರುಪರ್ವತದ ಪಾಂಡುಕಶಿಲೆಗೆ ಒಯ್ದು ಕ್ಷೀರಸಮುದ್ರದ ಜಲದಿಂದ ಅಭಿಷೇಕಮಾಡಿದ ವೃತ್ತಾಂತವನ್ನು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವು ವಿಸ್ತರಿಸಿದೆ. ಕ್ರಿ.ಶ. 941ರ ಪಂಪನ ಆದಿಪುರಾಣದ ಮೂಲಕ ಕನ್ನಡಿಗರಿಗೂ ಇದು ಸುಪರಿಚಿತವಾಗಿದೆ. ಬಸದಿಯಲ್ಲಿ ನಡೆಯುವ ಜಿನಾಭಿಷೇಕವು ಈ ಘಟನೆಯ ಪುನರಾವೃತ್ತಿಯೇ ಆಗಿದೆ. ಸೋಮದೇವಸೂರಿಯು ಶಕ 881ರಲ್ಲಿ, ಎಂದರೆ ಕ್ರಿ.ಶ. 959ರಲ್ಲಿ, ಮುಗಿಸಿದ ಯಶಸ್ತಿಲಕದ ಉಪಾಸಕಾಧ್ಯಯನ ಭಾಗದಲ್ಲಿ ದೇವಪೂಜೆಯನ್ನು ಪ್ರಸ್ತಾವನಾ, ಪುರಾಕರ್ಮ, ಸ್ಥಾಪನಾ, ಸನ್ನಿಧಾಪನ, ಪೂಜಾ, ಪೂಜಾಫಲ ಎಂದು ಆರು ಅಂಗಗಳಾಗಿ ವಿಂಗಡಿಸಿದ್ದಾನೆ. ಇವುಗಳಲ್ಲಿ ಸನ್ನಿಧಾಪನದ ತಾತ್ಪರ್ಯವು ಪ್ರಕೃತಕ್ಕೆ ಅತ್ಯಂತ ಮುಖ್ಯವಾದುದು. ಮುಂದಿರುವ ಬಿಂಬವೇ ಸಾಕ್ಷಾತ್ ಜಿನನು, ಪೀಠವೇ ಮೇರು, ಕಲಶದ ನೀರೇ ಕ್ಷೀರಸಾಗರದ ಜಲ, ಅಭಿಷೇಕಮಾಡುವ ತಾನೇ ಇಂದ್ರನು ಎಂದು ಪೂಜಕನು ಭಾವಿಸಬೇಕೆಂದು ಅಲ್ಲಿ ವಿಹಿತವಾಗಿದೆ. ಹೀಗೆ ಪೂಜಕನಲ್ಲಿ ಇಂದ್ರತ್ವದ ಆರೋಪವು ಹತ್ತನೆಯ ಶತಮಾನದಷ್ಟು ಹಿಂದೆಯೇ ರಚಿತವಾದ ಗ್ರಂಥದಲ್ಲಿ ದೊರೆಯುತ್ತದೆ. ಪಂಡಿತ ಆಶಾಧರನ ಪ್ರತಿಷ್ಠಾಸಾರೋದ್ಧಾರವೇ ಮೊದಲಾದ ಮುಂದಿನ ಪ್ರತಿಷ್ಠಾಗ್ರಂಥಗಳಲ್ಲಿ ಇದೇ ಭಾವನೆಯು ವಿಧಿರೂಪವಾಗಿ ಬೆಳೆದು, ಪ್ರತಿಷ್ಠೆಯನ್ನು ನಡೆಸುವವನಿಗೆ ಇಂದ್ರನೆಂಬ ವ್ಯವಹಾರವು ರೂಢವಾಯಿತು.

ಉತ್ತರ ಭಾರತದ ದಿಗಂಬರರಲ್ಲಿಯೂ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಇಂದ್ರರಿರುತ್ತಾರೆ. ಆದರೆ ಅಲ್ಲಿ ಶ್ರಾವಕದಂಪತಿಗಳು ಇಂದ್ರ-ಇಂದ್ರಾಣಿಯರಾಗಿ ಕಿರೀಟ ಧರಿಸುತ್ತಾರೆ. ಉತ್ಸವ ಮುಗಿದೊಡನೆ ಕಿರೀಟದೊಂದಿಗೆ ಹೆಸರೂ ಕಳಚುತ್ತದೆ. ಹದಿನೇಳನೆಯ ಶತಮಾನದಿಂದ ಅಲ್ಲಿ ಪ್ರಬಲವಾದ ತೇರಾಪಂಥವು ಭಟ್ಟಾರಕರ ಅಧಿಕಾರವನ್ನು ಒಪ್ಪದೆ, ಶ್ರಾವಕನೇ ಸ್ವತಃ ಪೂಜಿಸುವ ಪದ್ಧತಿಯನ್ನು ಎತ್ತಿಹಿಡಿದುದರಿಂದ ವಂಶಾನುಗತ ಪುರೋಹಿತವರ್ಗಕ್ಕೆ ಅವಕಾಶ ಕಡಿಮೆಯಾಯಿತು. ತುಳುನಾಡಿನಲ್ಲಿಯಾದರೋ ಭಟ್ಟಾರಕಪೀಠಗಳ ಆಶ್ರಯದಲ್ಲಿ ನಿತ್ಯಾಭಿಷೇಕವು ನಿಯತ ಮನೆತನಗಳ ಕರ್ತವ್ಯವಾಗಿ ಉಳಿಯಿತು. ಉತ್ಸವದ ದಿನಕ್ಕಷ್ಟೇ ಅಲ್ಲದೆ ಪ್ರತಿದಿನವೂ ಇಂದ್ರನ ಸ್ಥಾನದಲ್ಲಿ ನಿಲ್ಲುವವರನ್ನು ಜನರು ‘ಇಂದ್ರರು’ ಎಂದೇ ಕರೆದುದು ಸಹಜವಾಗಿದೆ.

ಕರೆಯುವ ಹೆಸರು ಕುಲನಾಮವಾಗಿ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ. ತುಳುನಾಡಿನ ಜೈನ ಶ್ರಾವಕರಲ್ಲಿ ಅಳಿಯಸಂತಾನವು ರೂಢಿಯಲ್ಲಿದ್ದಿತು. ಅಲ್ಲಿ ‘ಬಳಿ’ಯು ತಾಯಿಯಿಂದ ಬರುವುದು, ಬಂಗ, ಚೌಟ, ಅಜಿಲ ಮೊದಲಾದ ಅರಸುಮನೆತನಗಳಲ್ಲಿ ಪಟ್ಟವು ಸೋದರಳಿಯನಿಗೆ ಸಲ್ಲುತ್ತಿದ್ದಿತು. ಇಂದ್ರರು ಮಾತ್ರ ಈ ಕಟ್ಟಿಗೆ ಹೊರಗಾಗಿದ್ದು ಮಕ್ಕಳಸಂತಾನವನ್ನು ಅನುಸರಿಸುತ್ತಿದ್ದರು. ಪೂಜೆಯ ಹಕ್ಕು, ಮಂತ್ರೋಪದೇಶ, ಮನೆಯ ಓಲೆಗರಿಯ ಕಟ್ಟುಗಳು ಇವು ತಂದೆಯಿಂದ ಮಗನಿಗೆ ಇಳಿದುಬಂದಂತೆ ಹೆಸರೂ ಇಳಿದುಬಂದಿತು. ವೃತ್ತಿಯ ಹೆಸರು ವಂಶದ ಹೆಸರಾದುದರ ಗುಟ್ಟು ಇಲ್ಲಿದೆ. ಇದರ ವಿರಳತೆಗೆ ಕಾರಣವನ್ನೂ ಬೇರೆ ಕಡೆ ಹುಡುಕಬೇಕಾಗಿಲ್ಲ. ಪುರೋಹಿತ ಮನೆಗಳ ಸಂಖ್ಯೆ ಬಸದಿಗಳ ಸಂಖ್ಯೆಯನ್ನು ಅವಲಂಬಿಸಿರುವುದು. ಹದಿನೆಂಟು ಬಸದಿಗಳ ಮೂಡಬಿದಿರೆಯಲ್ಲಿಯೇ ಅವು ಬೆರಳೆಣಿಕೆಗೆ ಸಿಗುವಂಥವಾದರೆ ಒಂದೇ ಬಸದಿಯ ಗ್ರಾಮಗಳ ಮಾತು ಹೇಳಬೇಕಾದುದಿಲ್ಲ.

ಈ ಕುಲನಾಮವನ್ನು ರಾಷ್ಟ್ರಕೂಟರ ಇಂದ್ರರಾಜರಿಗಾಗಲಿ ಇಂದ್ರನಂದಿ ಮುನಿಗಳಿಗಾಗಲಿ ಜೋಡಿಸುವುದು ಯುಕ್ತವಲ್ಲ. ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹಬಿಟ್ಟ ನಾಲ್ವಡಿ ಇಂದ್ರನಿಗೆ ಅದು ಅಂಕಿತನಾಮ. ಜ್ವಾಲಾಮಾಲಿನೀಕಲ್ಪವನ್ನು ಬರೆದ ಇಂದ್ರನಂದಿಗೆ ಅದು ದೀಕ್ಷಾನಾಮದ ಪೂರ್ವಪದ. ದೇವೇಂದ್ರ, ಧರಣೇಂದ್ರ, ನಾಗೇಂದ್ರ ಎಂಬಲ್ಲಿ ಸಂಧಿಯಾಗಿ ಬಂದ ಇಂದ್ರಶಬ್ದವು ಹೆಸರಿನ ಅವಯವವೇ ಹೊರತು ಕುಲಸೂಚಕವಲ್ಲ. ಕುಲನಾಮವಾದರೆ ಅದು ಹೆಸರಿನ ಅನಂತರ ಸಂಧಿಯಿಲ್ಲದೆ ಬೇರೆಯಾಗಿ ನಿಲ್ಲುತ್ತದೆ. ಪುಷ್ಪಿಕೆಗಳನ್ನು ಓದುವವರು ಈ ಭೇದವನ್ನು ಮರೆತರೆ ಲಿಪಿಕಾರನ ಊರು, ವೃತ್ತಿ, ಪರಂಪರೆಗಳ ಸುಳಿವು ಕೈತಪ್ಪುವುದು.

ಈ ಭೇದದ ಬೆಲೆಯನ್ನು ತಿಳಿಯಲು ಒಂದು ನಿದರ್ಶನ ಸಾಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮಾತ್ರ ಉಳಿದಿದ್ದ ಧವಲ, ಜಯಧವಲಗಳ ಪ್ರತಿಮಾಡುವ ಕಾರ್ಯವು 1896ರ ಸುಮಾರಿಗೆ ಪ್ರಾರಂಭವಾಯಿತು. ನಾಗರಿ ಪ್ರತಿಯನ್ನು ಬರೆದ ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಇವರ ಹೆಸರುಗಳನ್ನು ವಿದ್ವಾಂಸರೆಲ್ಲರೂ ಬಲ್ಲರು. ಅದರೊಂದಿಗೆ ಕನ್ನಡ ಲಿಪಿಯಲ್ಲಿಯೂ ಪ್ರತಿ ಸಿದ್ಧವಾಯಿತು. ಅದನ್ನು ಬರೆದವರು ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ. ಮೂರು ಹೆಸರುಗಳ ಮೂರು ಅಂತ್ಯಪದಗಳೂ ಸಮಾಜದ ಸ್ಥಾನವನ್ನು ಸೂಚಿಸುತ್ತವೆ. ಮೊದಲನೆಯದು ಶ್ರಾವಕವರ್ಗದ ಹೆಸರು, ಉಳಿದೆರಡೂ ಪುರೋಹಿತಪರಂಪರೆಯವು. ಅವುಗಳಲ್ಲಿಯೂ ಕೊನೆಯದು ತುಳುನಾಡಿಗೇ ವಿಶಿಷ್ಟವಾದುದು. ಷಟ್ಖಂಡಾಗಮವು ಧವಲಾಟೀಕೆಯೊಡನೆ 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಬೆಳಕುಕಂಡುದಕ್ಕೆ ಇಂಥವರ ಲೇಖನಶ್ರಮವೇ ತಳಹದಿಯಾಯಿತು. ‘ಇಂದ್ರ’ ಎಂಬುದನ್ನು ಬ್ರಹ್ಮಯ್ಯನ ಹೆಸರಿನ ಬಾಲವೆಂದು ಬಗೆದು ಬಿಟ್ಟರೆ, ಬಸದಿಯ ಅರ್ಚಕವರ್ಗವು ಸಿದ್ಧಾಂತಗ್ರಂಥಗಳ ರಕ್ಷಣೆಯಲ್ಲಿ ವಹಿಸಿದ ಪಾತ್ರವೂ ಬಿಟ್ಟುಹೋಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಉದ್ಯೋಗನಿಮಿತ್ತ ನಗರಗಳಿಗೆ ತೆರಳಿದ ಕುಟುಂಬಗಳಲ್ಲಿ ‘ಜೈನ’ ಎಂಬ ಸಾಮಾನ್ಯ ಪದವನ್ನೇ ಕುಲನಾಮವಾಗಿ ಇಟ್ಟುಕೊಳ್ಳುವ ರೂಢಿಯು ಹೆಚ್ಚುತ್ತಿದೆ. ಅದು ಧರ್ಮವನ್ನು ತಿಳಿಸುವುದೇ ಹೊರತು ಸೇವೆಯನ್ನು ತಿಳಿಸದು. ಆದುದರಿಂದ ಗ್ರಂಥಭಂಡಾರಗಳ ಸೂಚಿಗಳನ್ನು ಸಿದ್ಧಪಡಿಸುವವರು ಲಿಪಿಕಾರರ ಹೆಸರುಗಳನ್ನು ಅಂತ್ಯಪದಸಹಿತವಾಗಿ, ಮೂಲದಲ್ಲಿರುವಂತೆಯೇ ಬರೆದಿಡುವುದು ಅವಶ್ಯಕ. ಹಾಗೆ ಬರೆದಿಟ್ಟ ಸೂಚಿಗಳಿಂದಲೇ ಯಾವ ಯಾವ ಬಸದಿಯ ಇಂದ್ರರು ಯಾವ ಯಾವ ಗ್ರಂಥಗಳನ್ನು ಪ್ರತಿಮಾಡಿದರೆಂಬ ಚರಿತ್ರೆಯು ಮುಂದೆ ರೂಪುಗೊಳ್ಳಬಲ್ಲುದು.