‘ಪಾಪ’ದ ಎರಡು ಲೆಕ್ಕಗಳು

“ಎಲ್ಲರೂ ಹುಟ್ಟುತ್ತಲೇ ಪಾಪಿಗಳಂತೆ, ಹೌದೇನಪ್ಪಾ?” ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಒಂದು ಸಂಜೆ, ಕಾನ್ವೆಂಟಿಗೆ ಹೋಗುವ ಮಗಳ ಪ್ರಶ್ನೆ. ಉತ್ತರ ಹುಡುಕುತ್ತ ಹೊರಟವನಿಗೆ ಎದುರಾದದ್ದು ಕನ್ನಡದ ಚರಿತ್ರೆಯೇ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಳ್ಳಾರಿ ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಅವರೂ ವಿಲಿಯಂ ರೀವ್ ಅವರೂ ದುಡಿದ ಫಲವಾಗಿ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದು ಮದರಾಸಿನಲ್ಲೇ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ‘ಹಮಾರ್ತಿಯ’. ಗುರಿ ತಪ್ಪುವುದು ಎಂಬುದು ಅದರ ಮೂಲಾರ್ಥ. ಹೀಬ್ರೂವಿನ ‘ಹತಾ’ ಧಾತುವಿಗೂ ಅದೇ ಅರ್ಥವುಂಟು. ಕ್ರೈಸ್ತರಿಗೆ ಪಾಪವೆಂದರೆ ಕೇವಲ ಕೆಟ್ಟ ಕೆಲಸವಲ್ಲ, ದೇವರಿಂದ ದೂರವಾದ ಸ್ಥಿತಿ. ಅದನ್ನು ಸ್ವಂತ ಪುಣ್ಯದಿಂದ ತೀರಿಸಲಾಗದು. ದೇವರ ಕೃಪೆಯೇ ಬೇಕು. ಆದಾಮನಿಂದ ಬಂದ ಜನ್ಮಪಾಪವೆಂಬ ವಿಚಾರಕ್ಕೆ ಖಚಿತ ರೂಪ ಕೊಟ್ಟವರು 430ರಲ್ಲಿ ತೀರಿಕೊಂಡ ಸಂತ ಆಗಸ್ಟಿನ್. ಪೂರ್ವದ ಸಭೆಗಳು ಅದನ್ನು ಹಾಗೆಯೇ ಒಪ್ಪಲಿಲ್ಲ.

ಭಾಷಾಂತರಕಾರರಿಗೆ ಇಲ್ಲಿ ಸಿಕ್ಕಿದ ‘ಪಾಪ’ವಾದರೋ ಪುಣ್ಯದ ಜೋಡಿ, ಜನ್ಮದಿಂದ ಜನ್ಮಕ್ಕೆ ಸಾಗುವ ಜಮಾ-ಖರ್ಚು. ಪದ ಒಂದೇ, ಲೆಕ್ಕ ಬೇರೆ. ಅವರು ಒಂದು ಹೇಳಿದರೆ ಕೇಳಿದವರಿಗೆ ಇನ್ನೊಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ನೊಂದವರನ್ನು ಕಂಡಾಗಲೂ ನಾವು ‘ಅಯ್ಯೋ ಪಾಪ’ ಎನ್ನುತ್ತೇವೆ. ನೆರೆಮನೆಯ ತಮಿಳರು ‘ಪಾವಂ’ ಎನ್ನುತ್ತಾರೆ. ಎರಡು ನುಡಿಗಳಲ್ಲೂ ತಪ್ಪಿಗೂ ಮರುಕಕ್ಕೂ ಒಂದೇ ಪದ! ಪಾಪಿಗಳ ಪಂಕ್ತಿಯಲ್ಲಿ ಕುಳಿತು ಉಂಡ ಏಸುವಿಗೆ ಇದು ಒಪ್ಪುವ ಮಾತೇ ಸರಿ.

ಮಗಳಿಗೆ ಹೇಳಿದೆ: “ಗುರಿ ತಪ್ಪದವರು ಯಾರಮ್ಮ? ತಪ್ಪಿದವರನ್ನು ಕಂಡರೆ, ಪಾಪ, ಎನ್ನೋಣ.”